ಡಿಪೋಗೆ ಮನವಿ ಕೊಡುವ ಮೊದಲು ಊರನ್ನು ಕೇಳುವುದು ಹೇಗೆ? ಗ್ರಾಮ ಸಭೆ, ಮನೆ ಸಮೀಕ್ಷೆ, ಗುಂಪು ಮಾತುಕತೆ, ವಾಟ್ಸ್‌ಆ್ಯಪ್ ಫಾರ್ಮ್: ಯಾವುದು ಯಾವಾಗ

ಎಂಟು ಗಂಟೆಯ ಬಸ್ಸನ್ನು ಏಳೂವರೆಗೆ ಬಿಡಿ ಎಂದು ಊರಿನವರು ಡಿಪೋಗೆ ಮನವಿ ಕೊಡುತ್ತಾರೆ. ಪಂಚಾಯಿತಿಯ ಲೆಟರ್‌ಹೆಡ್, ನೂರಾರು ಸಹಿ, ಶಾಸಕರ ಶಿಫಾರಸು ಎಲ್ಲವೂ ಇರುತ್ತದೆ. ಸಮಯ ಬದಲಾಗುತ್ತದೆ. ಕಾಲೇಜಿಗೆ ಹೋಗುವವರಿಗೆ ಅನುಕೂಲವಾಗುತ್ತದೆ. ಆದರೆ ಹಾಲು ಕರೆದು ಡೈರಿಗೆ ಹಾಕಿ, ಮಕ್ಕಳಿಗೆ ಬುತ್ತಿ ಕಟ್ಟಿ, ಎಂಟಕ್ಕೆ ಓಡಿ ಬಂದು ಬಸ್ ಹತ್ತುತ್ತಿದ್ದ ಹೆಂಗಸರಿಗೆ ಅವತ್ತಿನಿಂದ ಬಸ್ ಇಲ್ಲ. ಇಂಥದ್ದು ನಮ್ಮ ತಾಲ್ಲೂಕುಗಳಲ್ಲಿ ಅಪರೂಪವೇನಲ್ಲ. ಮನವಿ ಬರೆದವರಿಗೆ ಕೆಟ್ಟ ಉದ್ದೇಶವೂ ಇರುವುದಿಲ್ಲ. ಸಂಜೆ ಹೊತ್ತು ಅರಳಿಕಟ್ಟೆಯಲ್ಲಿ ಕೂತವರನ್ನು ಕೇಳಿರುತ್ತಾರೆ, ಆ ಹೊತ್ತಿಗೆ ಕಟ್ಟೆಗೆ ಬರಲಾಗದವರ ಮಾತು ಕಾಗದಕ್ಕೆ ಬಂದಿರುವುದಿಲ್ಲ.

ಊರಿನ ಓಡಾಟದ ಅಗತ್ಯ ತಿಳಿಯಲು ಹಲವು ದಾರಿಗಳಿವೆ. ಪ್ರತಿಯೊಂದು ದಾರಿಯಲ್ಲೂ ಕೆಲವರ ಮಾತು ಚೆನ್ನಾಗಿ ಕೇಳಿಸುತ್ತದೆ, ಇನ್ನು ಕೆಲವರದ್ದು ಕೇಳಿಸುವುದೇ ಇಲ್ಲ. ಆದ್ದರಿಂದ ಯಾವುದು ಸುಲಭ ಎಂದು ನೋಡುವ ಮುಂಚೆ, ಈ ದಾರಿ ಹಿಡಿದರೆ ಯಾರು ತಪ್ಪಿಹೋಗುತ್ತಾರೆ ಎಂದು ನೋಡಿ. ಪಂಚಾಯಿತಿ ಸದಸ್ಯರು, ಸ್ತ್ರೀಶಕ್ತಿ ಮತ್ತು ಸಂಜೀವಿನಿ ಸಂಘದವರು, ಶಾಲೆಯ ಎಸ್‌ಡಿಎಂಸಿ, ಯುವಕ ಸಂಘ, ಬಡಾವಣೆಯ ನಿವಾಸಿಗಳ ಸಂಘ, ಇವರಲ್ಲಿ ಯಾರೇ ಈ ಕೆಲಸಕ್ಕೆ ಇಳಿದರೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ದಾರಿ ಯಾವುದೇ ಇರಲಿ, ಪ್ರಶ್ನೆ ಇದು

"ನಿಮಗೆ ಬಸ್ ಬೇಕಾ?" ಎಂದು ಕೇಳಿದರೆ ಬೇಡ ಅನ್ನುವವರು ಯಾರೂ ಇಲ್ಲ. ಆ ಉತ್ತರ ಹಿಡಿದುಕೊಂಡು ಹೋದರೆ ಡಿಪೋ ಮ್ಯಾನೇಜರ್ ಏನೂ ಮಾಡಲಾಗುವುದಿಲ್ಲ. ಅವರಿಗೆ ಬೇಕಾದ್ದು ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ, ಎಷ್ಟು ಜನ, ವಾಪಸ್ ಯಾವಾಗ ಎಂಬ ನಾಲ್ಕು ಸಂಗತಿ. ಅದನ್ನು ಪಡೆಯುವ ನೇರ ಉಪಾಯವೆಂದರೆ ನಡೆದುಹೋದ ಪ್ರಯಾಣವನ್ನು ಕೇಳುವುದು. "ಅಕ್ಕ, ನಿನ್ನೆ ನಿಮ್ಮ ಮನೆಯಿಂದ ಯಾರ್ಯಾರು ಊರು ಬಿಟ್ಟು ಹೊರಗೆ ಹೋಗಿದ್ರು? ಎಷ್ಟೊತ್ತಿಗೆ ಹೊರಟ್ರು? ಏನರಲ್ಲಿ ಹೋದ್ರು? ಎಷ್ಟು ಖರ್ಚಾಯ್ತು? ತಿರುಗಿ ಮನೆ ಸೇರಿದ್ದು ಎಷ್ಟೊತ್ತಿಗೆ?" ನಿನ್ನೆಯದ್ದು ನೆನಪಿರುತ್ತದೆ, ಅದಕ್ಕೆ ಉತ್ಪ್ರೇಕ್ಷೆ ಸೇರುವುದೂ ಕಡಿಮೆ.

ಇದಾದ ಮೇಲೆ ಇನ್ನೊಂದು ಪ್ರಶ್ನೆ ಇದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ: "ಹೋಗಬೇಕಿತ್ತು, ಆದರೆ ಹೋಗಲಿಲ್ಲ, ಅಂಥದ್ದು ಏನಾದರೂ ಇದೆಯಾ?" ಪಿಯುಸಿಗೆ ಸೇರದೆ ಮನೆಯಲ್ಲೇ ಉಳಿದ ಹುಡುಗಿ, ತಿಂಗಳ ಬಿಪಿ ಮಾತ್ರೆ ತರಲು ಯಾರಾದರೂ ಬೈಕಿನವರಿಗಾಗಿ ಕಾಯುವ ಅಜ್ಜಿ, ವಾಪಸ್ ಬರಲು ಬಸ್ ಇಲ್ಲವೆಂದು ಟೈಲರಿಂಗ್ ತರಬೇತಿ ಬಿಟ್ಟವಳು, ಇವರೆಲ್ಲ ಸಿಗುವುದು ಈ ಪ್ರಶ್ನೆಯಲ್ಲಿ ಮಾತ್ರ. ಬಸ್ ಇಲ್ಲದ ಕಡೆ ಪ್ರಯಾಣವೇ ಹುಟ್ಟುವುದಿಲ್ಲ. ಹುಟ್ಟದ ಪ್ರಯಾಣ ಯಾವ ಎಣಿಕೆಗೂ ಬರುವುದಿಲ್ಲ.

ಮಲೆನಾಡು, ಕರಾವಳಿಯ ಒಳಊರುಗಳಲ್ಲಿ ಮಳೆಗಾಲದ ಓಡಾಟವನ್ನು ಬೇರೆಯಾಗಿಯೇ ಕೇಳಬೇಕು. ಬೇಸಿಗೆಯಲ್ಲಿ ಹಳ್ಳ ದಾಟಿ ಹತ್ತು ನಿಮಿಷಕ್ಕೆ ಸ್ಟಾಪ್ ತಲುಪುವ ಮನೆಯವರು ಜೂನ್ ಆದ ಮೇಲೆ ಕಾಲುಸಂಕದ ಕಡೆಯಿಂದ ಸುತ್ತಿಕೊಂಡು ಬರುತ್ತಾರೆ. ಫೆಬ್ರುವರಿಯಲ್ಲಿ ಸಮೀಕ್ಷೆ ಮಾಡಿದವರಿಗೆ ಈ ಊರು ಸ್ಟಾಪಿನ ಪಕ್ಕದಲ್ಲೇ ಇದೆ ಅನ್ನಿಸುತ್ತದೆ. ಕಲ್ಯಾಣ ಕರ್ನಾಟಕದಲ್ಲಿ ಸಮಸ್ಯೆ ಇನ್ನೊಂದು ಥರ. ಗುಳೆ ಹೋದ ಕಾಲದಲ್ಲಿ ಕೇಳಲು ಹೋದರೆ ಅರ್ಧ ಓಣಿಗೆ ಬೀಗ ಹಾಕಿರುತ್ತದೆ.

ಗ್ರಾಮ ಸಭೆ ಮತ್ತು ವಾರ್ಡ್ ಸಭೆ

ಇದರ ಬಲ ಕಾನೂನಿನದ್ದು. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮ ಸಭೆ ನಡೆಯಬೇಕು, ಹಾಜರಾದವರಲ್ಲಿ ಕನಿಷ್ಠ ಶೇ 30ರಷ್ಟು ಮಹಿಳೆಯರಿರಬೇಕು. ಇಲ್ಲಿ ಆದ ನಿರ್ಣಯ ನಡಾವಳಿ ಪುಸ್ತಕಕ್ಕೆ ಹೋಗುತ್ತದೆ. ಆ ಪ್ರತಿಯನ್ನು ಲಗತ್ತಿಸಿದ ಮನವಿಗೂ ಬಿಳಿ ಹಾಳೆಯ ಮನವಿಗೂ ಕಚೇರಿಯಲ್ಲಿ ಸಿಗುವ ಮರ್ಯಾದೆ ಬೇರೆ. ಖರ್ಚೂ ಇಲ್ಲ.

ಆದರೆ ಓಡಾಟದ ಅಗತ್ಯವನ್ನು ಪತ್ತೆ ಮಾಡಲು ಗ್ರಾಮ ಸಭೆ ಒಳ್ಳೆಯ ಜಾಗ ಅಂತ ನನಗನ್ನಿಸುವುದಿಲ್ಲ. ಅಲ್ಲಿ ಮನೆ ಮಂಜೂರಾತಿ, ಉದ್ಯೋಗ ಖಾತ್ರಿ, ನೀರು, ಚರಂಡಿ ಇವೇ ಹೊತ್ತು ನುಂಗುತ್ತವೆ. ಬಸ್ಸಿನ ಮಾತು ಬರುವಷ್ಟರಲ್ಲಿ ಅರ್ಧ ಜನ ಎದ್ದಿರುತ್ತಾರೆ. ಮೇಲಾಗಿ, ಸಭೆ ನಡೆಯುವ ಹೊತ್ತಿಗೆ ಬಸ್ ಹೆಚ್ಚು ಬಳಸುವವರೇ ಊರಲ್ಲಿರುವುದಿಲ್ಲ. ವಿದ್ಯಾರ್ಥಿಗಳು ಕಾಲೇಜಿನಲ್ಲಿ, ಗಾರ್ಮೆಂಟ್ಸ್ ಹೆಂಗಸರು ಫ್ಯಾಕ್ಟರಿಯಲ್ಲಿ, ಕೂಲಿಯವರು ತೋಟದಲ್ಲಿ. ಪಂಚಾಯಿತಿ ಕಚೇರಿಯಿಂದ ದೂರದ ಹಾಡಿ, ತಾಂಡಾ, ಕೇರಿಗಳಿಂದ ಬರಲು ಬಸ್ಸೇ ಇಲ್ಲದವರು ಬಸ್ ಇಲ್ಲವೆಂದು ಹೇಳಲು ಹೇಗೆ ಬಂದಾರು?

ಹಾಗಾಗಿ ಅಗತ್ಯವನ್ನು ಬೇರೆ ದಾರಿಯಲ್ಲಿ ಪತ್ತೆ ಮಾಡಿ, ಗ್ರಾಮ ಸಭೆಯನ್ನು ಮುದ್ರೆ ಒತ್ತಲು ಇಟ್ಟುಕೊಳ್ಳಿ. ವಾರ್ಡ್ ಸಭೆ ಸ್ವಲ್ಪ ಮೇಲು, ಜನ ಕಡಿಮೆ, ಮಾತು ಹತ್ತಿರದ್ದು. ಮಹಿಳಾ ಗ್ರಾಮ ಸಭೆ ಮತ್ತು ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮ ಸಭೆಗಳನ್ನಂತೂ ಬಿಡಲೇಬೇಡಿ. ದೊಡ್ಡವರ ಸಭೆಯಲ್ಲಿ "ಬಸ್ ಸೌಕರ್ಯ ಕಲ್ಪಿಸುವುದು" ಎಂದು ಒಂದು ಸಾಲಿನಲ್ಲಿ ಮುಗಿಯುವ ವಿಷಯವನ್ನು ಮಕ್ಕಳು ಯಾವ ಬಸ್, ಯಾವ ಸ್ಟಾಪಿನಲ್ಲಿ ನಿಲ್ಲಿಸುವುದಿಲ್ಲ ಎಂದು ಬಿಡಿಸಿ ಹೇಳುತ್ತಾರೆ. ಕುಂದಾಪುರ ತಾಲ್ಲೂಕಿನಲ್ಲಿ ಮಕ್ಕಳ ಪಂಚಾಯಿತಿಗಳು ಬೆಳೆದು ಬಂದ ಬಗೆ ನೋಡಿದವರಿಗೆ ಇದು ಹೊಸ ಮಾತಲ್ಲ.

ಮನೆ ಮನೆ ಸಮೀಕ್ಷೆ

ಸರಿಯಾಗಿ ಮಾಡಿದರೆ ಇದನ್ನು ಮೀರಿಸುವ ದಾರಿ ಇಲ್ಲ. ಸರಿಯಾಗಿ ಮಾಡುವುದು ಕಷ್ಟ. ಒಂದು ಮನೆಗೆ ಹದಿನೈದು, ಇಪ್ಪತ್ತು ನಿಮಿಷ ಬೇಕು. ಒಬ್ಬರು ಒಂದು ಸಂಜೆಗೆ ಎಂಟು ಮನೆ ಮುಗಿಸುತ್ತಾರೆ ಎಂದು ಇಟ್ಟುಕೊಂಡರೂ 300 ಮನೆಗಳ ಊರಿಗೆ ಆರು ಜನರ ತಂಡಕ್ಕೆ ಆರೇಳು ಸಂಜೆ ಹಿಡಿಯುತ್ತದೆ. ಜನ ಸಾಲದಿದ್ದರೆ ಪ್ರತಿ ಮೂರನೇ ಮನೆಗೆ ಹೋಗಿ. ಆದರೆ ಹಾಗೆ ಎಣಿಸುವಾಗ ಊರ ಹೊರಗಿನ ಕೇರಿ, ತೋಟದ ಮನೆಗಳು, ತಾಂಡಾಗಳಿಂದಲೇ ಶುರು ಮಾಡಿ. ಮುಖ್ಯರಸ್ತೆಯಿಂದ ಶುರು ಮಾಡಿದ ತಂಡ ಸುಸ್ತಾಗುವುದು ಕೊನೆಯ ಮನೆಗಳ ಹತ್ತಿರ, ಬಸ್ಸಿನ ಅಗತ್ಯ ಹೆಚ್ಚಿರುವುದೂ ಅಲ್ಲೇ.

ತಂಡ ಎಲ್ಲಿಂದ ಸಿಗುತ್ತದೆ? ಹತ್ತಿರದ ಪದವಿ ಕಾಲೇಜಿನ ಎನ್‌ಎಸ್‌ಎಸ್ ಘಟಕದವರು ಪ್ರತಿ ವರ್ಷ ಏಳು ದಿನದ ವಿಶೇಷ ಶಿಬಿರ ಮಾಡುತ್ತಾರೆ. ಶ್ರಮದಾನದ ಜೊತೆಗೆ ಎರಡು ಸಂಜೆ ಈ ಕೆಲಸಕ್ಕೆ ಕೊಡಿ ಎಂದು ಕೇಳಿದರೆ ಒಪ್ಪುವ ಅಧ್ಯಾಪಕರಿದ್ದಾರೆ. ಸಂಜೆ ಎಂದದ್ದು ಬೇಕೆಂದೇ. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಹೋದರೆ ಮನೆಯಲ್ಲಿರುವವರನ್ನೇ ಕೇಳಿದಂತಾಗುತ್ತದೆ, ಓಡಾಡುವವರು ಸಿಗುವುದಿಲ್ಲ. ಸಂಜೆ ಆರರಿಂದ ಎಂಟೂವರೆ ಸರಿಯಾದ ಹೊತ್ತು. ಆದರೆ ಸುಗ್ಗಿಯ ದಿನಗಳಲ್ಲಿ, ಕಾಫಿ ಕುಯ್ಲಿನ ಹೊತ್ತಿನಲ್ಲಿ ಬೇಡ.

ಬಾಗಿಲಲ್ಲಿ ಆಗುವ ಒಂದು ಸಂಗತಿಗೆ ತಂಡವನ್ನು ಮೊದಲೇ ಸಿದ್ಧ ಮಾಡಬೇಕು. ಬಾಗಿಲು ತೆಗೆದ ಹೆಂಗಸು "ಯಜಮಾನ್ರು ಇದಾರೆ, ಅವ್ರನ್ನೇ ಕೇಳಿ" ಅಂತಾರೆ. ಯಜಮಾನರು ಬೈಕಿನಲ್ಲಿ ಓಡಾಡುವವರು, "ನಮ್ಗೇನ್ ತೊಂದ್ರೆ ಇಲ್ಲ" ಅಂತಾರೆ. ಮನೆಯ ಉತ್ತರ ಅಲ್ಲಿಗೆ ಮುಗಿಯುತ್ತದೆ. ಒಂದು ಮನೆಗೆ ಒಂದು ಫಾರ್ಮ್ ಅನ್ನುವ ಬದಲು ಮನೆಯ ಪ್ರತಿಯೊಬ್ಬರಿಗೂ ಒಂದು ಸಾಲು ಇರುವ ಹಾಳೆ ಮಾಡಿಕೊಂಡರೆ ಇದು ತಪ್ಪುತ್ತದೆ. "ಸರಿ ಅಣ್ಣ, ನಿಮ್ದಾಯ್ತು. ಅಮ್ಮ, ನೀವು ಕೊನೆ ಸಲ ಆಸ್ಪತ್ರೆಗೆ ಹೋಗಿದ್ದು ಯಾವಾಗ? ಏನರಲ್ಲಿ ಹೋಗಿದ್ರಿ?" ಎಂದು ಮುಂದಿನ ಸಾಲಿಗೆ ಹೋಗಬಹುದು. ತಂಡದಲ್ಲಿ ಜೊತೆಗೊಬ್ಬ ಹುಡುಗಿ ಇದ್ದರೆ ಒಳಮನೆಯ ತನಕ ಮಾತು ನಡೆಯುತ್ತದೆ.

ಆಧಾರ್ ಸಂಖ್ಯೆ, ಫೋನ್ ನಂಬರ್ ಬರೆದುಕೊಳ್ಳಬೇಡಿ, ಅವುಗಳಿಂದ ಈ ಕೆಲಸಕ್ಕೆ ಏನೂ ಆಗಬೇಕಿಲ್ಲ. ಅದನ್ನು ಕೇಳಿದ ಕೂಡಲೇ ಯಾವುದೋ ಯೋಜನೆಯ ಪಟ್ಟಿ ಎಂದುಕೊಂಡು ಜನ ಉತ್ತರವನ್ನು ಬದಲಿಸುತ್ತಾರೆ. ಯಾವ ಮನೆಯ ಹುಡುಗಿ ಎಷ್ಟು ಹೊತ್ತಿಗೆ ಯಾವ ದಾರಿಯಲ್ಲಿ ಒಬ್ಬಳೇ ನಡೆದು ಬರುತ್ತಾಳೆ ಎಂಬ ವಿವರ ತುಂಬಿದ ಹಾಳೆಗಳು ಪಂಚಾಯಿತಿಯ ಮೇಜಿನ ಮೇಲೆ ಬಿದ್ದಿರಬಾರದು, ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಹರಿದಾಡಲೂಬಾರದು. ಒಟ್ಟು ಲೆಕ್ಕ ತೆಗೆದ ಮೇಲೆ ಮೂಲ ಹಾಳೆಗಳನ್ನು ಒಬ್ಬರ ಕೈಯಲ್ಲಿ ಭದ್ರವಾಗಿಡಿ.

ಸ್ಟಾಪಿನಲ್ಲಿ ನಿಂತು ಎಣಿಸುವುದು

ಇಬ್ಬರು, ಒಂದು ನೋಟ್‌ಬುಕ್, ಬೆಳಿಗ್ಗೆ ಆರರಿಂದ ಹತ್ತು, ಮಧ್ಯಾಹ್ನ ಮೂರೂವರೆಯಿಂದ ರಾತ್ರಿ ಎಂಟು. ಯಾವ ಬಸ್ ಎಷ್ಟಕ್ಕೆ ಬಂತು, ಎಷ್ಟು ಜನ ಹತ್ತಿದರು, ಎಷ್ಟು ಜನ ಜಾಗವಿಲ್ಲದೆ ಉಳಿದರು, ನಿಲ್ಲಿಸದೆ ಹೋದ ಬಸ್ ಯಾವುದು, ಟಂಟಂ, ಆಪೆ, ಕ್ರೂಸರ್, ಟೆಂಪೊಗಳಲ್ಲಿ ಎಷ್ಟು ಜನ ಹೋದರು ಎಂದು ಬರೆಯುವುದು. ಮಾಮೂಲಿ ದಿನ ಒಂದು, ಸಂತೆಯ ದಿನ ಒಂದು, ಇಷ್ಟು ಎಣಿಸಿದರೂ ಕೈಯಲ್ಲಿ ಗಟ್ಟಿ ಕಾಗದ ಇರುತ್ತದೆ.

ಬಸ್ ಇದೆ, ಆದರೆ ಸಾಲುತ್ತಿಲ್ಲ ಅಥವಾ ಹೊತ್ತು ಸರಿಯಿಲ್ಲ ಅನ್ನುವ ಊರಿಗೆ ಇದಕ್ಕಿಂತ ಕಡಿಮೆ ಶ್ರಮದಲ್ಲಿ ಹೆಚ್ಚು ಫಲ ಕೊಡುವುದು ಬೇರೊಂದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಈ ಎಣಿಕೆಗೆ ಇನ್ನೊಂದು ಕಾರಣವೂ ಸಿಕ್ಕಿದೆ. ಉಚಿತವಾಗಿ ಹೋಗಬಹುದಾದ ಹೆಂಗಸರು ದುಡ್ಡು ಕೊಟ್ಟು ಟಂಟಂ ಹತ್ತುತ್ತಿದ್ದಾರೆ ಎಂದರೆ ಬಸ್ ಬರುತ್ತಿಲ್ಲ, ನಿಲ್ಲಿಸುತ್ತಿಲ್ಲ ಅಥವಾ ಕಾಲಿಡಲು ಜಾಗವಿಲ್ಲ ಎಂದೇ ಅರ್ಥ. "ಇಂಥ ದಿನ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಇಷ್ಟು ಮಹಿಳೆಯರು ಖಾಸಗಿ ವಾಹನದಲ್ಲಿ ಹೋದರು" ಎಂಬ ಒಂದು ಸಾಲು ಇಡೀ ಮನವಿಯ ತೂಕ ಹೆಚ್ಚಿಸುತ್ತದೆ.

ಇದರ ಕೊರತೆಯೂ ಅಷ್ಟೇ ನೇರ. ಸ್ಟಾಪಿಗೆ ಬಂದವರು ಮಾತ್ರ ಸಿಗುತ್ತಾರೆ. ಸ್ಟಾಪಿಗೇ ಬರಲಾಗದವರಿಗೆ ಇಲ್ಲಿ ಜಾಗವಿಲ್ಲ.

ಗುಂಪಿನಲ್ಲಿ ಕೂತು ಮಾತಾಡುವುದು

ನನಗೆ ತುಂಬ ನಂಬಿಕೆ ಇರುವ ದಾರಿ ಇದು. ಜನರನ್ನು ಕರೆಯುವ ಬದಲು ಅವರು ಈಗಾಗಲೇ ಸೇರುವ ಜಾಗಕ್ಕೆ ನಾವು ಹೋಗುವುದು. ಸ್ವಸಹಾಯ ಸಂಘದ ವಾರದ ಸಭೆ, ಸಂಜೆಯ ಹಾಲಿನ ಡೈರಿ, ಅಂಗನವಾಡಿಯ ತಾಯಂದಿರ ಸಭೆ, ಹಾಸ್ಟೆಲ್ಲು, ಪ್ರೌಢಶಾಲೆಯ ಹತ್ತನೇ ತರಗತಿ, ಗಾರ್ಮೆಂಟ್ಸ್ ವ್ಯಾನ್ ಕಾಯುವ ಕ್ರಾಸು. ಎಂಟು, ಹತ್ತು ಜನ ಸಾಕು. ಒಬ್ಬರು ಶುರು ಮಾಡಿದ್ದನ್ನು ಇನ್ನೊಬ್ಬರು ಮುಂದುವರಿಸುತ್ತಾರೆ, ಮೂರನೆಯವರು ತಿದ್ದುತ್ತಾರೆ. ಫಾರ್ಮಿನಲ್ಲಿ "ಆಸ್ಪತ್ರೆ" ಎಂದು ಒಂದೇ ಪದ ಇರುತ್ತದೆ. ಇಲ್ಲಿ ಅದು ಬಿಚ್ಚಿಕೊಳ್ಳುತ್ತದೆ: ಪ್ರತಿ ತಿಂಗಳ 9ನೇ ತಾರೀಕು ಗರ್ಭಿಣಿಯರ ತಪಾಸಣೆ, ಬೆಳಿಗ್ಗೆ ಹೋದರೆ ಸ್ಕ್ಯಾನಿಂಗ್ ಮುಗಿಯುವಾಗ ಮಧ್ಯಾಹ್ನ, ಆಮೇಲೆ ಸಂಜೆಯವರೆಗೆ ಊರಿಗೆ ಬಸ್ ಇಲ್ಲ, ಹಾಗಾಗಿ ಊಟವೂ ಇಲ್ಲದೆ ತಾಲ್ಲೂಕು ಬಸ್‌ಸ್ಟ್ಯಾಂಡಿನಲ್ಲಿ ಕೂರಬೇಕು. ಇಷ್ಟು ಕೇಳಿದ ಮೇಲೆ ಊರಿಗೆ ಬೇಕಾದ್ದು ಬೆಳಗಿನ ಹೊಸ ಬಸ್ಸಲ್ಲ, ಒಂದೂವರೆ ಎರಡರ ಹೊತ್ತಿಗೆ ತಿರುಗಿ ಬರುವ ಒಂದು ಟ್ರಿಪ್ ಎಂದು ಗೊತ್ತಾಗುತ್ತದೆ. ಹೋಗುವ ಬಸ್ಸಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ಬರುವ ಬಸ್ಸನ್ನು ಮರೆಯುತ್ತಾರೆ. ಹೆಣ್ಣುಮಕ್ಕಳ ಓದು ನಿಲ್ಲಿಸುವುದು ಬಹಳ ಕಡೆ ಸಂಜೆಗೆ ವಾಪಸ್ ಬಸ್ ಇಲ್ಲದಿರುವುದೇ.

ನೆಲದ ಮೇಲೆ ಊರಿನ ನಕ್ಷೆ ಬಿಡಿಸಿ ಮಾತಾಡುವುದು ಇನ್ನೂ ಚೆನ್ನ. ರಂಗೋಲಿ ಪುಡಿಯಲ್ಲಿ ರಸ್ತೆ, ಕಲ್ಲಿನಲ್ಲಿ ಸ್ಟಾಪು, ಎಲೆಯಲ್ಲಿ ಆಸ್ಪತ್ರೆ, ಶಾಲೆ. ಓದು ಬರಹ ಬಾರದವರೂ ಕೈ ಹಾಕುತ್ತಾರೆ. ಎಲ್ಲಿ ಬೀದಿದೀಪ ಇಲ್ಲ, ಎಲ್ಲಿ ನಾಯಿ ಕಾಟ, ಎಲ್ಲಿ ಮದ್ಯದಂಗಡಿ ಇದೆಯೆಂದು ಹುಡುಗಿಯರು ಸುತ್ತಿಕೊಂಡು ಬರುತ್ತಾರೆ ಎಂಬುದು ನಕ್ಷೆಯ ಮೇಲೆ ಬರುವಷ್ಟು ಸಹಜವಾಗಿ ಬಾಯಲ್ಲಿ ಬರುವುದಿಲ್ಲ. ಎಷ್ಟೋ ಕಡೆ ಬಸ್ಸಿನ ಸಮಸ್ಯೆ ಎಂದುಕೊಂಡದ್ದು ಸ್ಟಾಪಿನವರೆಗಿನ ಒಂದು ಕಿಲೋಮೀಟರ್ ಕತ್ತಲಿನ ಸಮಸ್ಯೆಯಾಗಿರುತ್ತದೆ. ಅದನ್ನು ಪಂಚಾಯಿತಿಯೇ ಬಗೆಹರಿಸಬಹುದು, ಡಿಪೋವರೆಗೆ ಹೋಗಬೇಕಿಲ್ಲ.

ಗುಂಪುಗಳನ್ನು ಬೇರೆ ಬೇರೆಯಾಗಿ ಕೂರಿಸಿ. ಅತ್ತೆಯ ಎದುರು ಸೊಸೆ, ಮೇಲಿನ ಕೇರಿಯವರ ಎದುರು ಕೆಳಗಿನ ಕೇರಿಯವರು, ಅಧ್ಯಾಪಕರ ಎದುರು ಮಕ್ಕಳು ಬಾಯಿ ಬಿಡುವುದಿಲ್ಲ. ಅಂಗವಿಕಲರ ವಿಷಯಕ್ಕೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಜೊತೆಗೆ ಕರೆದುಕೊಳ್ಳಿ, ಯಾವ ಮನೆಯಲ್ಲಿ ಯಾರಿದ್ದಾರೆ ಎಂದು ಅವರಿಗೆ ಗೊತ್ತು. ಇಲ್ಲಿ ಗುಂಪು ಬೇಡ, ಅವರ ಮನೆಗೇ ಹೋಗಿ. ಮೂರು ಮೆಟ್ಟಿಲಿನ ಬಸ್ ಹತ್ತಲಾಗದವರಿಗೆ ಹೊಸ ಟ್ರಿಪ್ ಕೊಟ್ಟೂ ಪ್ರಯೋಜನವಿಲ್ಲ, ಅವರಿಗೆ ತಿಂಗಳಿಗೆರಡು ಸಲ ಆಟೊ ಗೊತ್ತು ಮಾಡುವುದೇ ಸರಿಯಾದ ಪರಿಹಾರ ಇರಬಹುದು.

ಈ ದಾರಿಯಲ್ಲಿ ಸಿಗದಿರುವುದು ಸಂಖ್ಯೆ. ಹತ್ತು ಜನ ಹೇಳಿದ್ದು ನೂರು ಜನರ ಮಾತು ಎಂದು ಡಿಪೋದಲ್ಲಿ ಸಾಧಿಸಲಾಗುವುದಿಲ್ಲ. ಆದ್ದರಿಂದ ಸ್ಟಾಪಿನ ಎಣಿಕೆಯನ್ನು ಇದರ ಜೊತೆಗೆ ಸೇರಿಸಬೇಕು.

ವಾಟ್ಸ್‌ಆ್ಯಪ್ ಫಾರ್ಮು, ಸಹಿ ಸಂಗ್ರಹ

ಗೂಗಲ್ ಫಾರ್ಮ್ ಮಾಡಿ ಊರಿನ ಗ್ರೂಪಿಗೆ ಹಾಕುವುದು ಅರ್ಧ ಗಂಟೆಯ ಕೆಲಸ. ಕಾಲೇಜು ವಿದ್ಯಾರ್ಥಿಗಳನ್ನು ಮಾತ್ರ ಕೇಳಬೇಕಿದ್ದರೆ ಧಾರಾಳವಾಗಿ ಬಳಸಿ, ಎರಡು ದಿನದಲ್ಲಿ ಉತ್ತರ ಬರುತ್ತದೆ. ಇಡೀ ಊರಿನ ಮಾತು ಎಂದು ಅದನ್ನು ತೋರಿಸಬೇಡಿ. ಮನೆಗೆ ಒಂದೇ ಸ್ಮಾರ್ಟ್‌ಫೋನ್ ಇದ್ದರೆ ಅದು ಸಾಮಾನ್ಯವಾಗಿ ಗಂಡಸಿನ ಜೇಬಿನಲ್ಲಿರುತ್ತದೆ. ಫಾರ್ಮು ಕನ್ನಡದಲ್ಲಿರಲಿ, ಟೈಪ್ ಮಾಡಲಾಗದವರು ದನಿ ಸಂದೇಶ ಕಳಿಸಲು ಒಂದು ನಂಬರ್ ಇರಲಿ.

ಸಹಿ ಸಂಗ್ರಹ ಒತ್ತಡ ತರುವ ಸಾಧನ. ಅದರಿಂದ ಅಗತ್ಯ ತಿಳಿಯುವುದಿಲ್ಲ.

ನಿಗಮದ ಕೈಯಲ್ಲೇ ಇರುವ ಲೆಕ್ಕ

ಕೆಎಸ್‌ಆರ್‌ಟಿಸಿ, ಹುಬ್ಬಳ್ಳಿ ಕೇಂದ್ರದ ವಾಯವ್ಯ ಕರ್ನಾಟಕ, ಕಲಬುರಗಿ ಕೇಂದ್ರದ ಕಲ್ಯಾಣ ಕರ್ನಾಟಕ, ಬೆಂಗಳೂರಿನ ಬಿಎಂಟಿಸಿ, ನಾಲ್ಕೂ ನಿಗಮಗಳಲ್ಲಿ ಕಂಡಕ್ಟರ್ ಕೈಯಲ್ಲಿ ಟಿಕೆಟ್ ಮಷಿನ್ ಇದೆ. ಯಾವ ಟ್ರಿಪ್ಪಿನಲ್ಲಿ ಯಾವ ಸ್ಟೇಜಿನಿಂದ ಯಾವ ಸ್ಟೇಜಿಗೆ ಎಷ್ಟು ಟಿಕೆಟ್ ಎಂದು ಅದರಲ್ಲಿ ದಾಖಲಾಗುತ್ತದೆ. ಮಹಿಳೆಯರ ಶೂನ್ಯ ಟಿಕೆಟ್ ಕೂಡ ಹೀಗೇ ದಾಖಲಾಗುತ್ತದೆ, ಅದರ ಹಣವನ್ನು ಸರ್ಕಾರ ನಿಗಮಕ್ಕೆ ಭರಿಸಬೇಕು. "ಹೆಂಗಸರಿಗೆ ಫ್ರೀ, ಆ ರೂಟಲ್ಲಿ ಕಲೆಕ್ಷನ್ ಇಲ್ಲ" ಎಂದು ಯಾರಾದರೂ ಹೇಳಿದರೆ ಈ ಮಾತನ್ನು ನೆನಪಿಸಿ. ವಿದ್ಯಾರ್ಥಿ ಪಾಸುಗಳಿಗೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವುದರಿಂದ ಎಲ್ಲಿಂದ ಎಲ್ಲಿಗೆ ಎಷ್ಟು ಪಾಸು ಎಂಬ ಲೆಕ್ಕವೂ ಸಿಗುವಂಥದ್ದೇ.

ಮೊದಲು ಡಿಪೋ ಮ್ಯಾನೇಜರ್ ಹತ್ತಿರ ಹೋಗಿ ಬಾಯಿ ಮಾತಿನಲ್ಲಿ ಕೇಳಿ, ಕೊಡುವವರು ಇದ್ದಾರೆ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಒಳಗೆ. 30 ದಿನದಲ್ಲಿ ಉತ್ತರ ಬರಬೇಕು.

ಈ ಲೆಕ್ಕ ಬಸ್ ಹತ್ತಿದವರದ್ದು. ಇದನ್ನೇ ನಂಬಿ ಯೋಜನೆ ಮಾಡಿದರೆ ಬಸ್ ಇರುವ ಊರಿಗೇ ಮತ್ತೆ ಬಸ್ ಬರುತ್ತದೆ. ಆದ್ದರಿಂದ ಇದನ್ನು ಕೊನೆಯಲ್ಲಿ, ನಮ್ಮ ಸಮೀಕ್ಷೆಗೆ ಆಧಾರವಾಗಿ ಬಳಸುವುದು ಒಳ್ಳೆಯದು. ಊರಿನ ಹಿರಿಯರನ್ನು ಇನ್ನೊಂದು ಮಾತು ಕೇಳಿ: 2020ಕ್ಕೆ ಮುಂಚೆ ಯಾವ ಯಾವ ಟ್ರಿಪ್ ಇತ್ತು, ಯಾವುದು ಕೊರೊನಾ ಆದ ಮೇಲೆ ತಿರುಗಿ ಬರಲಿಲ್ಲ? ನಿಂತ ಟ್ರಿಪ್ಪನ್ನು ಮತ್ತೆ ಶುರು ಮಾಡಿ ಎನ್ನುವುದು ಹೊಸ ರೂಟ್ ಕೇಳುವುದಕ್ಕಿಂತ ಸುಲಭದ ಬೇಡಿಕೆ.

ನಿಮ್ಮ ಊರಿಗೆ ಯಾವುದು?

ಸಮಯ ಬದಲಾವಣೆ, ಒಂದು ಹೆಚ್ಚುವರಿ ಟ್ರಿಪ್, ಒಂದು ಕೋರಿಕೆ ನಿಲುಗಡೆ, ಇಷ್ಟೇ ಬೇಕಿದ್ದರೆ ಸ್ಟಾಪಿನ ಎಣಿಕೆ ಮತ್ತು ಎರಡು ಗುಂಪು ಮಾತುಕತೆ ಸಾಕು. ಆ ಎರಡು ಗುಂಪುಗಳಲ್ಲಿ ಒಂದು, ಬದಲಾವಣೆಯಿಂದ ತೊಂದರೆಗೆ ಒಳಗಾಗುವವರದ್ದೇ ಆಗಿರಬೇಕು. ಈಗ ಎಂಟರ ಬಸ್ ಹತ್ತುವವರನ್ನು ಕೇಳದೆ ಅದನ್ನು ಏಳೂವರೆಗೆ ಎಳೆಯಬಾರದು.

ಬಸ್ಸೇ ಇಲ್ಲದ ಊರಿಗೆ ಹೊಸ ರೂಟ್ ಕೇಳುವುದಿದ್ದರೆ ಮನೆ ಸಮೀಕ್ಷೆಗೆ ಬದಲಿ ಇಲ್ಲ. ಎಣಿಸಲು ಅಲ್ಲಿ ಸ್ಟಾಪೇ ಇರುವುದಿಲ್ಲ, ಟಿಕೆಟ್ ಲೆಕ್ಕವೂ ಇರುವುದಿಲ್ಲ. ಅಕ್ಕಪಕ್ಕದ ಮೂರು ನಾಲ್ಕು ಊರುಗಳು ಸೇರಿ ಒಂದೇ ಹಾಳೆಯಲ್ಲಿ ಮಾಡಿ. ಒಂದು ಊರಿನ 25 ಪ್ರಯಾಣಿಕರಿಗಾಗಿ ಬಸ್ ಬರುವುದು ಕಷ್ಟ, ನಾಲ್ಕು ಊರಿನ 100 ಜನರಿಗೆ ಬರುತ್ತದೆ. ರಾತ್ರಿ ಉಳಿಯುವ ನೈಟ್ ಹಾಲ್ಟ್ ಬಸ್ ಕೇಳುವವರು ಡ್ರೈವರ್, ಕಂಡಕ್ಟರ್ ಮಲಗಲು ಕೋಣೆ, ಶೌಚಾಲಯ, ಬಸ್ ತಿರುಗಿಸುವ ಜಾಗ ಯಾರು ಕೊಡುತ್ತಾರೆ ಎಂಬುದನ್ನೂ ಇದೇ ಸಮೀಕ್ಷೆಯಲ್ಲಿ ತೀರ್ಮಾನಿಸಿಕೊಳ್ಳಬೇಕು. ಬೆಳಗಿನ ಮೊದಲ ಬಸ್ಸಿಗೆ ನೈಟ್ ಹಾಲ್ಟ್ ಬಿಟ್ಟರೆ ಒಳಊರುಗಳಿಗೆ ಬೇರೆ ದಾರಿ ಕಡಿಮೆ. ಸಿಬ್ಬಂದಿಗೆ ಮಲಗಲು ಸರಿಯಾದ ಜಾಗ ಇಲ್ಲದಿದ್ದರೆ ಅದು ಹೆಚ್ಚು ದಿನ ಬಾಳುವುದಿಲ್ಲ.

ಕರಾವಳಿಯ ದಕ್ಷಿಣ ಕನ್ನಡ, ಉಡುಪಿ ಕಡೆಗಳಲ್ಲಿ, ಮಲೆನಾಡಿನ ಕೆಲವೆಡೆ ಖಾಸಗಿ ಬಸ್ಸುಗಳೇ ಹೆಚ್ಚು. ಅಲ್ಲಿ ಖರ್ಚಿನ ಪ್ರಶ್ನೆಗೆ ಹೆಚ್ಚು ಜಾಗ ಕೊಡಿ, ಖಾಸಗಿ ಬಸ್ಸಿನಲ್ಲಿ ಶಕ್ತಿ ಇಲ್ಲ. ಮನವಿ ಹೋಗಬೇಕಾದ್ದೂ ಬೇರೆ ಕಡೆಗೆ: ಪರ್ಮಿಟ್ ಕೊಡುವುದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಪರ್ಮಿಟ್ ಇದ್ದೂ ಭಾನುವಾರ ಓಡಿಸುವುದಿಲ್ಲ, ಕೊನೆಯ ಟ್ರಿಪ್ ತಪ್ಪಿಸುತ್ತಾರೆ ಎಂಬ ದೂರಿದ್ದರೆ ದಿನಾಂಕ ಸಮೇತ ಬರೆದಿಟ್ಟ ಸ್ಟಾಪಿನ ಎಣಿಕೆಯೇ ಸಾಕ್ಷಿ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ಕಾರ್ಮಿಕರೇ ಕಟ್ಟಿ 1991ರಿಂದ ನಡೆಸಿದ ಸಹಕಾರ ಸಾರಿಗೆ 2020ರಲ್ಲಿ ನಿಂತಿತು. ಅಂಥ ಸೇವೆ ನಿಂತ ಕಡೆ ಹಳೆಯ ಟೈಮ್‌ಟೇಬಲ್ಲನ್ನು ಮುಂದಿಟ್ಟುಕೊಂಡು "ಇದರಲ್ಲಿ ಯಾವುದು ಹೋದದ್ದರಿಂದ ನಿಮ್ಮ ಮನೆಗೆ ಏನಾಯಿತು" ಎಂದು ಕೇಳಿದರೆ ಮಾತು ತಾನಾಗಿ ಬರುತ್ತದೆ. ಖಾಸಗಿ ರೂಟನ್ನು ಸರ್ಕಾರಿ ನಿಗಮಕ್ಕೆ ವಹಿಸುವ ಯೋಜನೆಯ ಕರಡು ರಾಜ್ಯಪತ್ರದಲ್ಲಿ ಬಂದರೆ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ 30 ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಆ ಅವಕಾಶವನ್ನು ಬಸ್ ಮಾಲೀಕರು ಬಳಸುತ್ತಾರೆ, ಪ್ರಯಾಣಿಕರು ಬಳಸುವುದು ನಾನು ಕಂಡಂತೆ ಕಡಿಮೆ.

ಬೆಂಗಳೂರಿನ ಅಂಚಿನ ಬಡಾವಣೆಗಳಿಗೆ ಒಂದು ಎಚ್ಚರಿಕೆ. ನಿವಾಸಿಗಳ ಸಂಘ ತನ್ನ ಸದಸ್ಯರಿಗೆ ಫಾರ್ಮ್ ಕಳಿಸಿದರೆ ಮೆಟ್ರೊ ಸ್ಟೇಷನ್ನಿಗೆ ಫೀಡರ್ ಬಸ್ ಬೇಕು ಎಂಬ ಉತ್ತರ ಬರುತ್ತದೆ. ಅದೂ ನಿಜವಾದ ಅಗತ್ಯವೇ. ಆದರೆ ಆ ಬಡಾವಣೆಯ ಸ್ಟಾಪನ್ನು ದಿನವೂ ಬಳಸುವ ಮನೆಗೆಲಸದವರು, ಸೆಕ್ಯುರಿಟಿಯವರು, ಅಡುಗೆಯವರು, ಪೌರಕಾರ್ಮಿಕರು ಅಲ್ಲಿ ವಾಸವಿರುವುದಿಲ್ಲ. ಬೆಳಿಗ್ಗೆ ಆರಕ್ಕೆ ಗೇಟಿನ ಹತ್ತಿರ ನಿಂತು "ಎಲ್ಲಿಂದ ಬಂದ್ರಿ ಅಮ್ಮ, ಎಷ್ಟು ಬಸ್ ಬದಲಾಯಿಸಿದ್ರಿ?" ಎಂದು ಕೇಳದಿದ್ದರೆ ಇವರ ಬಸ್ಸು ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಕೇಳಿದ ಮೇಲೆ

ಮನವಿ ಒಂದು ಪುಟ ಮೀರದಿರಲಿ. ಊರು, ಸ್ಟಾಪು, ಬೇಕಾದ ಹೊತ್ತು, ಹೋಗುವವರ ಸಂಖ್ಯೆ, ವಾಪಸ್ ಹೊತ್ತು, ಯಾವ ಶೆಡ್ಯೂಲನ್ನು ಸ್ವಲ್ಪ ತಿರುಗಿಸಿದರೆ ಇದು ಸಾಧ್ಯ ಎಂಬ ನಿಮ್ಮ ಸಲಹೆ. ಕೊನೆಯದಕ್ಕೆ ಆ ರೂಟಿನ ಡ್ರೈವರ್, ಕಂಡಕ್ಟರನ್ನೇ ಮೊದಲು ಕೇಳಿ, ಅವರಿಗೆ ಗೊತ್ತಿರುವಷ್ಟು ಕಚೇರಿಗೂ ಗೊತ್ತಿರುವುದಿಲ್ಲ. ಮನವಿಯ ಒಂದು ಪ್ರತಿಯನ್ನು ನಿಗಮದ ವಿಭಾಗೀಯ ನಿಯಂತ್ರಣಾಧಿಕಾರಿಗೂ ಕೊಡಿ. ಹೊಸ ಟ್ರಿಪ್ ಸಾಮಾನ್ಯವಾಗಿ ಪ್ರಾಯೋಗಿಕವಾಗಿ ಬರುತ್ತದೆ, ಜನ ಹತ್ತದಿದ್ದರೆ ನಿಲ್ಲುತ್ತದೆ. ಅದಕ್ಕಾಗಿ ಬಸ್ ಶುರುವಾಗುವ ದಿನವನ್ನು ನೀವು ಕೇಳಿದ ಪ್ರತಿ ಮನೆಗೂ, ಸಂಘಕ್ಕೂ, ಶಾಲೆಗೂ ಹೋಗಿ ತಿಳಿಸಬೇಕು. ಬರಲಿಲ್ಲವಾದರೂ ತಿಳಿಸಬೇಕು. ಒಮ್ಮೆ ಕೇಳಿ ತಿರುಗಿ ಮುಖ ತೋರಿಸದವರಿಗೆ ಎರಡನೇ ಸಲ ಯಾರೂ ಬಾಗಿಲು ತೆಗೆಯುವುದಿಲ್ಲ.

ಇಷ್ಟೆಲ್ಲಕ್ಕೆ ಜನವೂ ಇಲ್ಲ, ಹೊತ್ತೂ ಇಲ್ಲ, ಇಬ್ಬರಿಗೆ ಒಂದು ದಿನ ಮಾತ್ರ ಇದೆ ಅನ್ನುವವರು ಹೀಗೆ ಮಾಡಿ: ಸಂತೆಯಿಲ್ಲದ ಒಂದು ವಾರದ ದಿನ ಬೆಳಿಗ್ಗೆ ಆರರಿಂದ ಹತ್ತು ಸ್ಟಾಪಿನಲ್ಲಿ ಎಣಿಸಿ. ಹನ್ನೊಂದಕ್ಕೆ ಹತ್ತಿರದ ಪ್ರೌಢಶಾಲೆಯ ಹತ್ತನೇ ತರಗತಿಯ ಹುಡುಗಿಯರೊಂದಿಗೆ ಅರ್ಧ ಗಂಟೆ, ಮುಂದಿನ ವರ್ಷ ಎಲ್ಲಿ ಓದುತ್ತೀರಿ, ಹೇಗೆ ಹೋಗುತ್ತೀರಿ ಎಂದು ಕೇಳಿ. ಮಧ್ಯಾಹ್ನ ಆಶಾ ಕಾರ್ಯಕರ್ತೆಯೊಂದಿಗೆ ಕೂತು ಆಸ್ಪತ್ರೆಗೆ ಹೋಗಲಾಗದವರು ಯಾವ ಓಣಿಯಲ್ಲಿದ್ದಾರೆ ಎಂದು ತಿಳಿದುಕೊಂಡು, ಅಂಥ ಐದು ಮನೆಗೆ ಹೋಗಿ ಬನ್ನಿ. ಸಂಜೆ ಡೈರಿಗೆ ಹಾಲು ಹಾಕಲು ಬರುವ ಹೆಂಗಸರ ಹತ್ತಿರ ನಿಂತು, ದಿನವಿಡೀ ಬರೆದುಕೊಂಡದ್ದನ್ನು ಓದಿ ಹೇಳಿ, ಇದರಲ್ಲಿ ತಪ್ಪೇನಿದೆ, ಯಾರು ಬಿಟ್ಟುಹೋದರು ಎಂದು ಕೇಳಿ.